ಸೋಲಿಲ್ಲದ ಬಂದರು

ಹಡಗು ಬಂದರಿನ ಬಾಯಿಗೆ ಬಂದು ನಿಂತಿತು. ಹುಲಿಗೆಮ್ಮನ ತೋರುಬೆರಳು ಪರದೆಯ ಮುಂದೆ ಅರೆಕ್ಷಣ ತಡೆದು, ಆಮೇಲೆ ನೇರವಾಗಿ ಮೂರನೆಯ ಕಟ್ಟೆಯ ಮೇಲೆ ಇಳಿಯಿತು. ಹಡಗು ಹೋಗಬೇಕಾದದ್ದು ಅಲ್ಲಿಗೇ. ಪರದೆಯ ಮೇಲೆ ಹಸಿರು ಬಾವುಟ ಏರಿತು, ಅಂಕ ತೊಂಬತ್ತಾರಕ್ಕೆ ಮುಟ್ಟಿತು. ಸುತ್ತ ನಿಂತಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು.

ಹುಲಿಗೆಮ್ಮನಿಗೆ ನಲವತ್ತನಾಲ್ಕು ವರ್ಷ. ಸಮುದ್ರವನ್ನು ಅವಳು ನೋಡಿದವಳಲ್ಲ. ಅವಳು ಕಂಡ ದೊಡ್ಡ ನೀರೆಂದರೆ ರಾಯಚೂರಿನ ಉತ್ತರಕ್ಕೆ ಹರಿಯುವ ಕೃಷ್ಣಾ ಹೊಳೆ. ಅದರ ದಂಡೆಯ ಉಷ್ಣವಿದ್ಯುತ್ ಸ್ಥಾವರದಲ್ಲಿ ಅವಳು ಹತ್ತೊಂಬತ್ತು ವರ್ಷ ಗುತ್ತಿಗೆಯ ಮೇಲೆ ದುಡಿದಿದ್ದಳು. ಕಲ್ಲಿದ್ದಲು ಹೊತ್ತು ಸಾಗುವ ರಬ್ಬರಿನ ಪಟ್ಟಿಯ ಪಕ್ಕ ನಿಂತು, ಅದರಲ್ಲಿ ಸೇರಿಕೊಂಡ ಕಲ್ಲು, ಕಬ್ಬಿಣದ ಚೂರುಗಳನ್ನು ಆರಿಸಿ ತೆಗೆಯುವ ಕೆಲಸ. ಹಗಲಿನ ಬಿಸಿಲನ್ನು ಇರುಳಿಗೂ ಕೂಡಿಡುವ ಅಗ್ಗದ ಬ್ಯಾಟರಿಗಳು ಬಂದ ಮೇಲೆ ದೇಶದ ಕಲ್ಲಿದ್ದಲ ಒಲೆಗಳು ಒಂದೊಂದಾಗಿ ಆರುತ್ತ ಬಂದು, 2056ರಲ್ಲಿ ಇಲ್ಲಿಯದೂ ಆರಿತು. ಗಾಳಿ ಹಸನಾಯಿತೆಂದು ಊರೆಲ್ಲ ಸಂತೋಷಪಟ್ಟಿತು. ಹುಲಿಗೆಮ್ಮನೂ ಪಟ್ಟಳು, ಹಗ್ಗದ ಮೇಲೆ ಹಾಕಿದ ಸೀರೆ ಬೂದಿ ಹಿಡಿಯದೆ ಒಣಗಿದ್ದನ್ನು ಅವಳು ಮದುವೆಯಾಗಿ ಬಂದ ಮೇಲೆ ಮೊದಲ ಸಲ ನೋಡಿದ್ದು ಆಗಲೇ. ಆದರೆ ಅವಳಂಥ ಎರಡು ಸಾವಿರ ಜನಕ್ಕೆ ಮರುದಿನ ಬೆಳಿಗ್ಗೆ ಎದ್ದು ಹೋಗಲು ಜಾಗವಿರಲಿಲ್ಲ. ಇದ್ದಬದ್ದ ಕೆಲಸವೆಲ್ಲ ಆಗಲೇ ಪರದೆಗಳ ಹಿಂದೆ ಸೇರಿಕೊಂಡಿತ್ತು. ಪರದೆಯನ್ನು ಮುಟ್ಟಲು ಇವರಿಗೆ ಬರುತ್ತಿರಲಿಲ್ಲ.

ಆಗ ಬಂದದ್ದು ಕೈಮರ.

ದಾರಿ ಕೂಡುವಲ್ಲಿ ಊರುಗಳ ಹೆಸರು ಹೊತ್ತು ನಿಲ್ಲುವ ಕಂಬದ ಹೆಸರನ್ನೇ ಡಾ. ಸುಮೇಧಾ ಜಾಗೀರದಾರ್ ತಮ್ಮ ಸಾಧನಕ್ಕೆ ಇಟ್ಟಿದ್ದರು. ನೋಡಲು ಅದು ಬೂದು ಬಣ್ಣದ ತೆಳುವಾದ ಕೈಗವಸು. ಲಕ್ವಾ ಹೊಡೆದವರ ಕೈಗೆ ಮತ್ತೆ ಚಲನೆ ಕಲಿಸಲೆಂದು ಹನ್ನೆರಡು ವರ್ಷ ಕೂತು ಅವರು ಅದನ್ನು ರೂಪಿಸಿದ್ದರು. ಬೆರಳು ಅಲುಗುವ ಮೊದಲು ಮಿದುಳಿನಿಂದ ಮುಂಗೈಯ ಸ್ನಾಯುಗಳಿಗೆ ಸಣ್ಣದೊಂದು ವಿದ್ಯುತ್ ಸಂಕೇತ ಇಳಿದು ಬರುತ್ತದೆ. ಗವಸಿನ ಎಳೆಗಳು ಆ ಸಂಕೇತವನ್ನು ಹಿಡಿದು, ಬೆರಳು ಎತ್ತ ಹೊರಟಿದೆಯೆಂದು ಮುಂಚಿತವಾಗಿಯೇ ತಿಳಿಯುತ್ತವೆ. ತಪ್ಪು ಕಡೆಗೆ ಹೊರಟಿದ್ದರೆ ಆ ಎಳೆಗಳೇ ಕೂದಲಿನಷ್ಟು ಕುಗ್ಗಿ ಬೆರಳನ್ನು ಸರಿಯಾದ ಕಡೆಗೆ ತಿರುಗಿಸುತ್ತವೆ. ಆಸ್ಪತ್ರೆಗಳಲ್ಲಿ ಹೆಸರಾದ ಈ ಗವಸನ್ನು ಅವರು ಒಂದು ಆಟಕ್ಕೆ ಜೋಡಿಸಿದರು. ಆಟದ ಹೆಸರು ಬಂದರು. ಹಡಗುಗಳು ಬರುತ್ತವೆ, ಒಂದೊಂದರ ಜೊತೆ ಸರಕಿನ ಪಟ್ಟಿ ಬರುತ್ತದೆ. ಪಟ್ಟಿಯನ್ನು ಉಗ್ರಾಣದ ಕೋಷ್ಟಕಕ್ಕೆ ತಾಳೆ ನೋಡಬೇಕು, ಸುಳ್ಳು ಪಟ್ಟಿಯನ್ನು ಗುರುತಿಸಬೇಕು, ಕೆಡುವ ಸರಕನ್ನು ಮೊದಲು ಇಳಿಸಬೇಕು, ಬೀಗದ ಗುಟ್ಟು ಪದವನ್ನು ಯಾರಿಗೂ ಬಿಟ್ಟುಕೊಡಬಾರದು. ಆಡುತ್ತ ಆಡುತ್ತ, ಹಿಂದಿನ ಕಾಲದಲ್ಲಿ ಮೂರು ವರ್ಷ ಕಾಲೇಜಿಗೆ ಹೋಗಿ ಕಲಿಯುತ್ತಿದ್ದ ಕಂಪ್ಯೂಟರ್ ಕೆಲಸ ಬೆರಳಿಗೆ ಇಳಿಯುತ್ತಿತ್ತು.

"ಸೈಕಲ್ ಕಲಿಸೋವಾಗ ಹಿಂದಿನ ಸೀಟು ಹಿಡಕೊಂಡು ಓಡ್ತೀವಲ್ಲ, ಹಂಗ," ಎಂದು ಸುಮೇಧಾ ಮೊದಲ ದಿನವೇ ಹೇಳಿದ್ದರು. "ಮೊದಲ ಇಪ್ಪತ್ತು ದಿನ ಕೈಮರ ನಿಮ್ಮ ಬೆರಳು ಹಿಡಕೋತದ. ಆಮೇಲೆ ಬಿಟ್ಟುಬಿಡ್ತದ."

ತರಬೇತಿ ನಡೆಸುತ್ತಿದ್ದದ್ದು ಉದ್ಯೋಗಸೇತು ಎಂಬ ಸಂಸ್ಥೆ. ಸ್ಥಾವರದ ಹಳೆಯ ಮನರಂಜನಾ ಭವನವನ್ನೇ ಅದು ಕೇಂದ್ರ ಮಾಡಿಕೊಂಡಿತ್ತು. ಇಪ್ಪತ್ತನೆಯ ದಿನ ಸುಮೇಧಾ ಪ್ರತಿಯೊಬ್ಬರ ಬೆನ್ನ ಹಿಂದೆಯೂ ಹೋಗಿ ನಿಂತರು. ಹುಲಿಗೆಮ್ಮನ ಬಳಿ ಬಂದಾಗ ಅವಳ ಮಣಿಕಟ್ಟನ್ನು ಮುಟ್ಟಿ, "ಇವತ್ತಿನಿಂದ ಇದು ನಿಮ್ಮದೇ ಕೈ," ಎಂದರು.

ಅಂದು ಹುಲಿಗೆಮ್ಮ ಹೆದರಿಕೊಂಡೇ ಆಡಿದಳು. ಎಂಟು ಹಡಗು ಬಂದವು, ಎಂಟೂ ದಡ ಸೇರಿದವು. ಮನೆಗೆ ಹೋದವಳೇ ಗಂಡ ಹನುಮೇಶನ ಮುಂದೆ ತನ್ನ ಎರಡೂ ಕೈ ಚಾಚಿದಳು. ಹತ್ತೊಂಬತ್ತು ವರ್ಷ ಕಲ್ಲಿದ್ದಲು ಆರಿಸಿದ ಬೆರಳುಗಳು. ಉಗುರಿನ ಬುಡದ ಕಪ್ಪು ಇನ್ನೂ ಹೋಗಿರಲಿಲ್ಲ.

"ಇವಕ್ಕ ಬರ್ತದಂತ," ಎಂದಳು.

"ಏನು?"

"ಎಲ್ಲಾ."

ಒಂದು ವಾರದ ಮೇಲೆ ಸಣ್ಣದೊಂದು ಸಂಗತಿ ನಡೆಯಿತು. ಮನೆಯ ನೀರಿನ ಸಂಪರ್ಕವನ್ನು ಫೋನಿನಲ್ಲಿ ಹನುಮೇಶನ ಹೆಸರಿಗೆ ಬದಲಾಯಿಸಬೇಕಿತ್ತು. ಬಂದರಿನಲ್ಲಿ ಮುನ್ನೂರು ಹಡಗು ಇಳಿಸಿದವಳಿಗೆ ಇದೇನು ದೊಡ್ಡದೆಂದು ಹುಲಿಗೆಮ್ಮ ಕೂತಳು. ಬೆರಳು ಒಂದು ಕಡೆ ಹೋಗಬೇಕಾದರೆ ಇನ್ನೊಂದು ಕಡೆ ಹೋಯಿತು. ಮೂರು ಸಲ ಮೊದಲಿನಿಂದ ಶುರು ಮಾಡಿದಳು. ನಾಲ್ಕನೆಯ ಸಲ ಸಂಪರ್ಕವೇ ರದ್ದಾಗಿ, ಎರಡು ದಿನ ಪಕ್ಕದ ಮನೆಯಿಂದ ನೀರು ತಂದರು. ಹನುಮೇಶ ನಕ್ಕ. ಅವಳು ನಗಲಿಲ್ಲ. ಮರುದಿನ ಸುಮೇಧಾರನ್ನು ಒಂದು ಪಕ್ಕಕ್ಕೆ ಕರೆದು ಕೇಳಿದಳು.

"ಇಲ್ಲಿ ಬರೂದು ಮನ್ಯಾಗ ಯಾಕ ಬರ್ವಲ್ದುರಿ?"

ಸುಮೇಧಾ ಕಿಟಕಿಯ ಕಡೆ ನೋಡಿದರು. "ಮನೆಯ ಫೋನು ಹಳೇದಲ್ಲೇನ್ರಿ? ಪರದೆ ಸವೆದಿರ್ತದ," ಎಂದರು.

ಹುಲಿಗೆಮ್ಮ ಒಪ್ಪಿಕೊಂಡಳು. ಪರದೆ ನಿಜವಾಗಿಯೂ ಸವೆದಿತ್ತು.

ನಲವತ್ತೈದನೆಯ ದಿನ ಪರೀಕ್ಷೆ. ಗವಸು ಹಾಕಿಕೊಂಡೇ ಕೂರಬೇಕಿತ್ತು. ಅಂಕ ದಾಖಲಾಗುವುದು ಅದರಲ್ಲಿಯೇ ಎಂದು ಸಂಸ್ಥೆಯವರು ಹೇಳಿದರು. ಹುಲಿಗೆಮ್ಮ ಕೇಂದ್ರಕ್ಕೇ ಮೊದಲಿಗಳಾಗಿ ಪ್ರಮಾಣಪತ್ರ ಪಡೆದಳು. ಅವಳ ಚಿತ್ರವಿದ್ದ ಫಲಕ ಬಸ್ ನಿಲ್ದಾಣದಲ್ಲಿ ಎದ್ದಿತು. ಕೆಳಗೆ 'ಕಲ್ಲಿದ್ದಲಿನಿಂದ ಕಂಪ್ಯೂಟರಿಗೆ' ಎಂದು ಬರೆದಿತ್ತು. ಸಂಸ್ಥೆಯ ಜೀಪಿನಲ್ಲಿ ಊರೂರಿಗೆ ಹೋಗಿ ಅವಳು ಮಾತಾಡಿದಳು. ಭಾಷಣವೇನಲ್ಲ. "ನನಗ ಬಂತಂದ್ರ ನಿಮಗೂ ಬರ್ತದ," ಎನ್ನುವುದಷ್ಟೇ ಅವಳ ಮಾತು. ಆ ಮಾತು ನಂಬಿ ಐವತ್ತಾರು ಹೆಂಗಸರು ಹೆಸರು ಬರೆಸಿದರು. ಅವರಲ್ಲಿ ಖಾಜಾಬಿಯೂ ಒಬ್ಬಳು. ಕಲ್ಲಿದ್ದಲ ಪಟ್ಟಿಯ ಆಚೆ ಬದಿಯಲ್ಲಿ ಹುಲಿಗೆಮ್ಮನಿಗೆ ಎದುರಾಗಿ ಹದಿನಾಲ್ಕು ವರ್ಷ ನಿಂತವಳು. ತನಗೆ ಅಕ್ಷರವೇ ಸರಿಯಾಗಿ ಬಾರದೆಂದು ಅವಳು ಹಿಂಜರಿದಾಗ ಹುಲಿಗೆಮ್ಮ ಅವಳ ಮನೆಗೇ ಹೋಗಿ, ಚಹಾ ಕುಡಿದು, ಕೈ ಹಿಡಿದು ಕರೆತಂದಿದ್ದಳು. ತರಬೇತಿ ಮುಗಿದ ಮೇಲೆ ಖಾಜಾಬಿಗೆ ಒಂದು ಸಹಕಾರಿ ಸಂಘದಲ್ಲಿ ಗ್ರಾಹಕರ ಅರ್ಜಿ ತುಂಬುವ ಕೆಲಸ ಸಿಕ್ಕಿತು.

ಹುಲಿಗೆಮ್ಮನಿಗೆ ಸಿಕ್ಕಿದ್ದು ಅದಕ್ಕಿಂತ ದೊಡ್ಡದು. ಜಿಲ್ಲೆಯ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಡ್ರೋನ್‌ಗಳಲ್ಲಿ ಔಷಧ ಕಳಿಸುವ ರವಾನೆ ಕೊಠಡಿ. ಕೋರಿಕೆ ಬರುತ್ತದೆ, ದಾಸ್ತಾನು ನೋಡಿ, ಔಷಧದ ಅವಧಿ ನೋಡಿ, ಡ್ರೋನ್ ಆರಿಸಿ, ಪರದೆಯ ಮೇಲೆ ಊರಿನ ಹೆಸರು ಮುಟ್ಟಿ, ಖಚಿತಪಡಿಸಬೇಕು. ಬಂದರಿನ ಆಟವೇ, ಹಡಗಿನ ಬದಲು ಡ್ರೋನ್. ಕೊಠಡಿಯ ಮೇಲ್ವಿಚಾರಕ ಅಮರೇಗೌಡ ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ತಾಳ್ಮೆಯ ಮನುಷ್ಯ. ಇಲ್ಲಿ ಗವಸು ಇರಲಿಲ್ಲ. ಮೊದಲ ದಿನಗಳಲ್ಲಿ ಹುಲಿಗೆಮ್ಮ ತಡವರಿಸಿದಳು. ಅವಳು ಮುಟ್ಟಿದ್ದನ್ನು ಅಮರೇಗೌಡ ಪಕ್ಕದಲ್ಲಿ ಕೂತು ಇನ್ನೊಮ್ಮೆ ನೋಡುತ್ತಿದ್ದರು. ಕೆಲವೊಮ್ಮೆ ಮಾತಿಲ್ಲದೆ ತಿದ್ದುತ್ತಿದ್ದರು.

"ಹೊಸದ್ರಾಗ ಎಲ್ಲಾರೂ ಹಿಂಗ," ಎನ್ನುತ್ತಿದ್ದರು. "ಮುಟ್ಟಿದ ಮ್ಯಾಲ ಒಮ್ಮಿ ತಿರುಗಿ ನೋಡೂದು ರೂಢಿ ಮಾಡ್ಕೋರಿ."

ತಿರುಗಿ ನೋಡಬೇಕೆಂದು ಅವಳಿಗೆ ಗೊತ್ತಿತ್ತು. ಆದರೆ ನೆನಪಾಗುತ್ತಿರಲಿಲ್ಲ. ಬಂದರಿನಲ್ಲಿ ಅವಳು ತಿರುಗಿ ನೋಡಬೇಕಾದ ಪ್ರಸಂಗವೇ ಬಂದಿರಲಿಲ್ಲ.

ಇಪ್ಪತ್ತಮೂರನೆಯ ದಿನ, ಮಧ್ಯಾಹ್ನ ಎರಡೂ ನಲವತ್ತಕ್ಕೆ, ಅಮರೇಗೌಡ ಮೇಲಿನ ಮಹಡಿಯಲ್ಲಿ ಸಭೆಗೆ ಹೋಗಿದ್ದಾಗ, ಪರದೆಯ ಅಂಚು ಕೆಂಪಾಯಿತು. ಹಿರೇಬೂದಿಹಾಳದ ಆರೋಗ್ಯ ಕೇಂದ್ರದಿಂದ ಕೋರಿಕೆ: ಹಾವು ಕಚ್ಚಿದ ಹೆಂಗಸು, ಅಲ್ಲಿಯ ದಾಸ್ತಾನಿನಲ್ಲಿ ವಿಷನಿರೋಧಕ ಮುಗಿದಿದೆ. ಹುಲಿಗೆಮ್ಮ ಔಷಧ ಸರಿಯಾಗಿಯೇ ಆರಿಸಿದಳು. ಅವಧಿ ನೋಡಿದಳು. ಹತ್ತಿರದ ಡ್ರೋನನ್ನು ಹಿಡಿದಳು. ಆಮೇಲೆ ಊರುಗಳ ಪಟ್ಟಿ ತೆರೆಯಿತು. ಹಿರೇಬೂದಿಹಾಳ, ಅದರ ಕೆಳಗೆ ಚಿಕ್ಕಬೂದಿಹಾಳ. ಎರಡರ ನಡುವೆ ನೆಲದ ಮೇಲೆ ಮೂವತ್ತು ಕಿಲೋಮೀಟರು, ಪರದೆಯ ಮೇಲೆ ಬೆರಳಗಲ.

ಅವಳಿಗೆ ಓದು ಬರುತ್ತಿತ್ತು. ಯಾವುದು ಬೇಕೆಂದೂ ಗೊತ್ತಿತ್ತು. ಆದರೂ ಬೆರಳು ಪಟ್ಟಿಯ ಮುಂದೆ ಹೋಗಿ ನಿಂತಿತು. ಏನನ್ನೋ ಕಾಯುತ್ತಿರುವಂತೆ ನಿಂತಿತು. ಆ ನಿಲುವು ಅವಳಿಗೆ ಹೊಸದಲ್ಲ, ಬಂದರಿನಲ್ಲಿ ಪ್ರತಿ ಹಡಗಿಗೂ ಹೀಗೆಯೇ ಅರೆಕ್ಷಣ ತಡೆಯುತ್ತಿತ್ತು. ತಡೆದ ಮೇಲೆ ಬೆರಳು ತಾನಾಗಿಯೇ ಇಳಿಯುತ್ತಿತ್ತು. ಈಗಲೂ ಇಳಿಯಿತು. 'ಖಚಿತಪಡಿಸಿ' ಎಂದು ಪರದೆ ಕೇಳಿತು. ಅವಳು ಖಚಿತಪಡಿಸಿದಳು. ಡ್ರೋನ್ ಎದ್ದು ಹೋಯಿತು. ಅವಳು ನೀರು ಕುಡಿದಳು.

ಮೂವತ್ತೈದು ನಿಮಿಷದ ಮೇಲೆ ಹಿರೇಬೂದಿಹಾಳದ ದಾದಿ ಫೋನು ಮಾಡಿ, "ಔಷಧಿ ಇನ್ನೂ ಬಂದಿಲ್ಲ. ಆಕೀ ಕೈ ಮೊಣಕೈ ತನಕ ಬಾತದ," ಎಂದಳು. ಹುಲಿಗೆಮ್ಮ ಆಗ ತಿರುಗಿ ನೋಡಿದಳು. ಡ್ರೋನ್ ಚಿಕ್ಕಬೂದಿಹಾಳದ ಕೇಂದ್ರದ ಮಾಳಿಗೆಯ ಮೇಲೆ, ಯಾರೂ ಕೇಳದ ಪೆಟ್ಟಿಗೆಯನ್ನಿಟ್ಟುಕೊಂಡು, ಸುರಕ್ಷಿತವಾಗಿ ಇಳಿದು ಕೂತಿತ್ತು. ಫೋನಿನ ಸದ್ದಿಗೆ ಕೆಳಗಿಳಿದು ಬಂದ ಅಮರೇಗೌಡ ಎರಡನೆಯ ಡ್ರೋನನ್ನು ತಾವೇ ಕಳಿಸಿದರು. ಅವರು ಬೈಯಲಿಲ್ಲ. ಅವಳ ಮುಂದಿನ ಪರದೆಯನ್ನು ಬಂದ್ ಮಾಡಿದರು, ಅಷ್ಟೇ.

ಹೆಂಗಸು ಬದುಕಿದಳು. ಹೆಸರು ಯಂಕಮ್ಮ, ಮೆಣಸಿನಕಾಯಿ ಬಿಡಿಸಲು ಹೋಗಿದ್ದವಳು. ವಿಷವೇರಿ ಕೊಳೆತ ಬಲಗೈಯ ಎರಡು ಬೆರಳನ್ನು ಕತ್ತರಿಸಿ ತೆಗೆಯಬೇಕಾಯಿತು. ಹುಲಿಗೆಮ್ಮ ಆಸ್ಪತ್ರೆಗೆ ಹೋದಳು. ತಾನು ಯಾರೆಂದು ಹೇಳಲು ಬಾಯಿ ಬರಲಿಲ್ಲ. ಯಂಕಮ್ಮ ಅವಳನ್ನು ಬೇರೆ ಯಾವುದೋ ಹಾಸಿಗೆಯವರ ಕಡೆಯವಳೆಂದು ತಿಳಿದು ಮಾತಾಡಿದಳು.

"ಹಾವಿಗೇನ್ ಗೊತ್ತ ಯವ್ವಾ, ಗಿಡದ ಬುಡಕ್ಕ ಕೈ ಹಾಕೀನಿ, ಕಚ್ಯಾದ," ಎಂದಳು. "ಔಷಧಿ ಬರೂದು ತಡ ಆತಂತ. ಯಂತ್ರದ್ದೇನೋ ಹೆಚ್ಚುಕಮ್ಮಿ ಆಗಿರ್ಬೇಕು."

ಹುಲಿಗೆಮ್ಮ ಅವಳ ಬಟ್ಟೆ ಸುತ್ತಿದ ಕೈಯನ್ನೇ ನೋಡುತ್ತ ಕೂತಿದ್ದು ಎದ್ದುಬಂದಳು.

ರವಾನೆ ಕೊಠಡಿಯಿಂದ ಅವಳನ್ನು ವಿಚಾರಣೆ ಮುಗಿಯುವವರೆಗೆ ದೂರವಿಟ್ಟರು. ಮನೆಯಲ್ಲಿ ಕೂರಲಾಗಲಿಲ್ಲ. ಹಳೆಯ ತರಬೇತಿ ಕೇಂದ್ರಕ್ಕೆ ಹೋದಳು. ಒಂದು ತಂಡ ಮುಗಿದು ಇನ್ನೊಂದು ಶುರುವಾಗುವ ನಡುವಿನ ರಜೆ. ಭವನ ಖಾಲಿಯಿತ್ತು, ಗವಸುಗಳೆಲ್ಲ ದುರಸ್ತಿಗೆ ಹೋಗಿದ್ದವು. ಪರದೆಗಳು ಮಾತ್ರ ಇದ್ದವು. ಎಲ್ಲಿ ತಪ್ಪಿದೆನೆಂದು ತಿಳಿಯಬೇಕೆನಿಸಿ ಅವಳು ತನ್ನ ಹಳೆಯ ಜಾಗದಲ್ಲಿ ಕೂತು, ಬರಿಗೈಯಲ್ಲಿ ಬಂದರನ್ನು ತೆರೆದಳು. ಒಂಬತ್ತನೆಯ ಹಂತ, ಅವಳಿಗೆ ತೊಂಬತ್ತಾರು ಅಂಕ ಬಂದ ಹಂತ.

ಮೊದಲ ಹಡಗು ತಪ್ಪು ಕಟ್ಟೆಗೆ ಹೋಯಿತು. ಎರಡನೆಯದು ಸರಿಹೋಯಿತು. ಮೂರನೆಯ ಹಡಗಿನ ಪಟ್ಟಿ ಸುಳ್ಳೆಂದು ತಿಳಿಯುವಷ್ಟರಲ್ಲಿ ನಾಲ್ಕನೆಯದು ಅದಕ್ಕೆ ಬಂದು ಬಡಿಯಿತು. ಮೀನಿನ ಸರಕು ಕೊಳೆಯಿತು. ಬಂದರಿನಲ್ಲಿ ಬೆಂಕಿ ಕಾಣಿಸಿಕೊಳ್ಳಬಹುದೆಂಬುದೇ ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆಟ ಮುಗಿದಾಗ ಅಂಕ ಇಪ್ಪತ್ತೆಂಟು. ಇನ್ನೊಮ್ಮೆ ಆಡಿದಳು, ಮೂವತ್ತು. ಮೂರನೆಯ ಸಲ ಆಡುತ್ತಿದ್ದಾಗ ಬಾಗಿಲಲ್ಲಿ ಯಾರೋ ನಿಂತಿರುವುದು ಗೊತ್ತಾಯಿತು. ಸುಮೇಧಾ ನಿಂತಿದ್ದರು.

"ಗವಸು ಇಲ್ಲದ ಆಡಾಕತ್ತೀರೇನ್ರಿ?"

"ಹೌದ್ರಿ," ಎಂದಳು ಹುಲಿಗೆಮ್ಮ. "ಇಪ್ಪತ್ತನೇ ದಿನದಿಂದ ಅದು ಬೆರಳು ಹಿಡಿಯೂದಿಲ್ಲ ಅಂದಿದ್ರಿ. ಹಂಗಿದ್ದ ಮ್ಯಾಲ ಅದು ಇದ್ರೇನು, ಇಲ್ದಿದ್ರೇನು?"

ಸುಮೇಧಾ ಒಳಗೆ ಬಂದು, ಎರಡು ಕುರ್ಚಿ ದೂರದಲ್ಲಿ ಕೂತರು. ಪರದೆಯ ಮೇಲೆ ಮುಳುಗುತ್ತಿದ್ದ ಹಡಗನ್ನು ನೋಡಿದರು.

"ಬಿಟ್ಟಿರಲಿಲ್ರಿ," ಎಂದರು. "ಕಡೇ ದಿನದ ತನಕ ಹಿಡಕೊಂಡಿತ್ತು. ಪರೀಕ್ಷಾದಾಗೂ."

ಹುಲಿಗೆಮ್ಮ ಪರದೆಯ ಮೇಲಿಂದ ಕೈ ಹಿಂದಕ್ಕೆ ತೆಗೆದಳು.

"ನನ್ನ ಮೊದಲ ಯೋಜನೆ ತೊಂಬತ್ತು ದಿನದ್ದು. ಆಸರೆ ದಿನಾ ಸ್ವಲ್ಪ ಸ್ವಲ್ಪ ಕಮ್ಮಿ ಆಗಬೇಕು, ಕಡೇ ತಿಂಗಳು ಪೂರಾ ಸೊನ್ನೆ. ಆ ತಿಂಗಳು ಎಲ್ಲಾರೂ ಸೋಲ್ತಾರ. ಸೋತಾಗ ಮಿದುಳು ಎಚ್ಚರ ಆಗ್ತದ, ತಿರುಗಿ ನೋಡೂದು ಕಲೀತದ. ಖರೇ ಕಲಿಕೆ ಆಗೂದು ಅಲ್ಲೇ. ಸಂಸ್ಥೆಯವರು ಒಪ್ಪಲಿಲ್ಲ. ಸೋತವರು ಬಿಟ್ಟು ಹೋಗ್ತಾರ, ಪಾಸಾದವರ ಲೆಕ್ಕ ಕಮ್ಮಿ ಆದ್ರ ಯೋಜನೆಯೇ ಹೋಗ್ತದ ಅಂದ್ರು. ದಿನ ನಲವತ್ತೈದಕ್ಕ ಇಳಿಸಿದ್ರು. ಆಸರೆ ಇದ್ದಷ್ಟೇ ಉಳೀತು."

"ನೀವೇನಂದ್ರಿ?"

"ನಾನು ಸಹಿ ಹಾಕಿದೆ. ಕೆಲಸಕ್ಕ ಹೋದ ಮೇಲೆ ಹೆಂಗೂ ಕಲೀತಾರ ಅಂತ ನನಗ ನಾನೇ ಹೇಳ್ಕೊಂಡೆ."

"ನನ್ನ ಬೆರಳು ಎಳದ್ರ ನನಗ ಗೊತ್ತಾಗಬೇಕಲ್ರಿ. ಯಾಕ ಗೊತ್ತಾಗಲಿಲ್ಲ?"

ಇದಕ್ಕೆ ಸುಮೇಧಾ ವಿಜ್ಞಾನಿಯಾಗಿಯೇ ಉತ್ತರಿಸಿದರು; ಬೇರೆ ರೀತಿಯಲ್ಲಿ ಹೇಳಲು ಅವರಿಗೆ ಬರುತ್ತಿರಲಿಲ್ಲ. ಕೈ ಎತ್ತಬೇಕೆಂದುಕೊಂಡ ಕೂಡಲೇ ಕೈ ಎದ್ದರೆ, ಎತ್ತಿದವನು ನಾನೇ ಎಂದು ಮಿದುಳು ಸಹಿ ಹಾಕಿಬಿಡುತ್ತದೆ. ನಡುವೆ, ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ, ಯಾರಾದರೂ ಬಂದು ತಿದ್ದಿಹೋದರೆ ಅದಕ್ಕೆ ತಿಳಿಯುವುದಿಲ್ಲ. ಫಲ ಸರಿಯಿದ್ದರಂತೂ ಅದು ಕೇಳುವುದೂ ಇಲ್ಲ. ಕೈಮರ ನಿಂತಿರುವುದೇ ಈ ಸಂಗತಿಯ ಮೇಲೆ.

ಹುಲಿಗೆಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, "ದಡ ಸೇರಿದ ಹಡಗಿನಾಗ ನನ್ನವು ಎಷ್ಟ್ರಿ?" ಎಂದಳು.

"ನೂರಕ್ಕ ಅರವತ್ತು ನಿಮ್ಮವೇ. ನಲವತ್ತು ಕೈಮರ ತಿದ್ದಿದ್ದು."

"ಯಾವ ಅರವತ್ತು?"

ಸುಮೇಧಾ ತಲೆ ತಗ್ಗಿಸಿದರು. "ಒಟ್ಟು ಎಷ್ಟು ಅನ್ನೂದಷ್ಟೇ ಉಳದದ. ಯಾವ್ಯಾವು ಅನ್ನೂದನ್ನ ನಾವು ಇಟ್ಕೊಂಡಿಲ್ಲ."

ಹತ್ತೊಂಬತ್ತು ವರ್ಷ ಕಲ್ಲಿದ್ದಲ ಪಟ್ಟಿಯಿಂದ ಹುಲಿಗೆಮ್ಮ ತೆಗೆದ ಕಲ್ಲುಗಳು ಎಷ್ಟೋ. ಸಂಜೆ ಪಾಳಿ ಮುಗಿದಾಗ ಅವು ಪಕ್ಕದಲ್ಲಿ ಗುಡ್ಡೆಯಾಗಿ ಬಿದ್ದಿರುತ್ತಿದ್ದವು. ಇದು ನಾನು ತೆಗೆದದ್ದು ಎಂದು ಕಾಲಿನಲ್ಲಿ ಒದ್ದು ತೋರಿಸಬಹುದಿತ್ತು. ಇಲ್ಲಿ ಅಂಥ ಗುಡ್ಡೆಯಿರಲಿಲ್ಲ. ಗಂಡನ ಮುಂದೆ ಕೈ ಚಾಚಿದ ದಿನದ ಎಂಟು ಹಡಗುಗಳಲ್ಲಿ ಒಂದಾದರೂ ತಾನು ತಂದದ್ದಿತ್ತೋ ಇಲ್ಲವೋ, ಅದನ್ನು ಹೇಳುವವರು ಇನ್ನು ಯಾರೂ ಇರಲಿಲ್ಲ.

"ನನಗ ಬರೂದಿಲ್ಲ ಅಂತ ಮೊದಲೇ ಹೇಳಿದ್ರ ನಾ ಬ್ಯಾರೆ ಏನರ ಮಾಡ್ಕೋತಿದ್ದೆ," ಎಂದಳು. "ಬರ್ತದ ಅಂದ್ರಿ. ನಂಬಿದೆ. ನಿಮ್ಮನ್ನಲ್ರಿ, ನನ್ನನ್ನ ನಾ ನಂಬಿದೆ."

"ಬರ್ತಿತ್ತು ಹುಲಿಗೆಮ್ಮಾ. ಇನ್ನೂ ಒಂದೂವರೆ ತಿಂಗಳು ಕೊಟ್ಟಿದ್ರ ನಿಮಗ ಖಂಡಿತ ಬರ್ತಿತ್ತು."

ಅವರು ಸಮಾಧಾನಕ್ಕೆಂದು ಹೇಳಿದ ಆ ಮಾತೇ ಅವಳಿಗೆ ಹೆಚ್ಚು ನಟ್ಟಿತು. ಅವಳು ಎದ್ದು, ಕುರ್ಚಿಯನ್ನು ಮೇಜಿನ ಕೆಳಗೆ ಸರಿಸಿ ಹೊರಗೆ ನಡೆದಳು.

ವಿಚಾರಣೆಗೆ ಹತ್ತು ದಿನವಿತ್ತು. ನಡುವೆ ಒಂದು ಬೆಳಿಗ್ಗೆ ಅವಳು ಖಾಜಾಬಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಖಾಜಾಬಿ ಸಂಘಕ್ಕೆ ಹೊರಟು ನಿಂತಿದ್ದಳು. ಹೊಸ ನೀಲಿ ಚೀಲ ಹೆಗಲಿಗಿತ್ತು. ಮಾತು ಮುಗಿಯುವವರೆಗೂ ಅವಳು ಚೀಲ ಇಳಿಸಲಿಲ್ಲ.

"ನನಗ ಯಾಕ ಹೇಳಿದಿ ಅಕ್ಕಾ?" ಎಂದಳು. "ನಿನ್ನೀ ತನಕ ನಾ ಚೊಲೋ ಇದ್ದೆ. ತಪ್ಪ್ ಮಾಡ್ತೀನಿ, ಬಾಜೂದಾಕಿ ಹೇಳ್ತಾಳ, ತಿದ್ಕೋತೀನಿ. ಹೆಂಗೋ ನಡದದ. ಇವತ್ತು ಹೋಗಿ ಹೆಂಗ್ ಕುಂದ್ರಲಿ ಅಲ್ಲಿ?"

"ವಿಚಾರಣಿಯೊಳಗ ನಾ ಇದನ್ನ ಹೇಳಾಕ ಬೇಕು, ಖಾಜಾ."

"ಹೇಳಿದ್ರ ಎಲ್ಲಾರ ಪ್ರಮಾಣಪತ್ರ ಹೋಗ್ತದ. ನಂದೂ ಹೋಗ್ತದ."

"ಮತ್ತ ಇನ್ನೊಬ್ಬಾಕಿ ಬೆರಳು ಹೋದ್ರ?"

ಖಾಜಾಬಿ ಬಾಗಿಲ ಚಿಲಕ ಹಾಕಿದಳು. "ಕೈ ಹಿಡದು ಕರ್ಕೊಂಡ್ ಹೋದಾಕಿ ನೀನ. ಈಗ ಕೈ ಹಿಡದು ಹೊರಗ ಹಾಕಾಕಿನೂ ನೀನ," ಎಂದು ಹೇಳಿ ಬೀದಿಗಿಳಿದಳು. ಅವಳು ಹುಲಿಗೆಮ್ಮನೊಡನೆ ಆಡಿದ ಕೊನೆಯ ಮಾತು ಅದು.

ವಿಚಾರಣೆ ಜಿಲ್ಲಾ ಕಚೇರಿಯ ಸಣ್ಣ ಸಭಾಂಗಣದಲ್ಲಿ ನಡೆಯಿತು. ಮೂವರು ಸದಸ್ಯರು. ಸಂಸ್ಥೆಯ ಪರ ವಕೀಲ ಹುಲಿಗೆಮ್ಮನ ವಯಸ್ಸು, ಓದು, ಹಿಂದಿನ ಕೆಲಸ ಎಲ್ಲವನ್ನೂ ಓದಿ ಹೇಳಿದ. ಉತ್ತಮ ತರಬೇತಿ ಪಡೆದೂ ಅಜಾಗರೂಕತೆ ತೋರಿದ ಒಬ್ಬ ನೌಕರಳ ವೈಯಕ್ತಿಕ ಲೋಪ ಎಂದ. ಆಮೇಲೆ ಸದಸ್ಯರಲ್ಲಿ ಹಿರಿಯರೊಬ್ಬರು ಅವಳನ್ನು ಕೇಳಿದರು: "ಚಿಕ್ಕಬೂದಿಹಾಳವನ್ನು ಮುಟ್ಟಿದ್ದು ಯಾರು?"

"ನಾನರೀ," ಎಂದಳು ಹುಲಿಗೆಮ್ಮ. "ಆಟದಾಗ ನಾ ಗೆದ್ದದ್ದು ಎಷ್ಟು ನಂದು ಅಂತ ನನಗ ಗೊತ್ತಿಲ್ಲ. ಪ್ರಮಾಣಪತ್ರ ಎಷ್ಟು ನಂದು ಅಂತ ಗೊತ್ತಿಲ್ಲ. ಆದ್ರ ಆ ತಪ್ಪು ಪೂರಾ ನಂದರೀ. ಅದರಾಗ ಯಾರ ಕೈಯೂ ಇಲ್ಲ."

ವಕೀಲ ಬರೆದುಕೊಳ್ಳುತ್ತಿದ್ದವನು ನಿಲ್ಲಿಸಿದ. ಅವಳು ಕೈಮರದ ವಿಷಯವನ್ನು ಮೊದಲಿನಿಂದ ಹೇಳಿದಳು. ಹಿಂದಿನ ಸಾಲಿನಲ್ಲಿ ಕೂತಿದ್ದ ಸುಮೇಧಾ ಕರೆಯುವ ಮೊದಲೇ ಎದ್ದು ನಿಂತು, ಅವಳು ಹೇಳಿದ್ದೆಲ್ಲ ನಿಜ ಎಂದರು. ತಮ್ಮ ಸಹಿಯಿದ್ದ ಕಾಗದವನ್ನೂ ಮುಂದಿಟ್ಟರು.

ಕೈಮರದಿಂದ ಕೊಟ್ಟ ಪ್ರಮಾಣಪತ್ರಗಳೆಲ್ಲ ಆ ತಿಂಗಳೇ ರದ್ದಾದವು. ಮರುಪರೀಕ್ಷೆಗೆ ಅವಕಾಶವಿತ್ತು, ಬರಿಗೈಯಲ್ಲಿ. ನೂರಕ್ಕೆ ಮೂವತ್ತು ಜನ ಪಾಸಾದರು. ಖಾಜಾಬಿ ಪರೀಕ್ಷೆಗೇ ಬರಲಿಲ್ಲ. ಸಂಘದ ಕೆಲಸ ಬಿಟ್ಟು ಮಗಳ ಊರಿಗೆ ಹೋದಳೆಂದು ಯಾರೋ ಹೇಳಿದರು. ಬಸ್ ನಿಲ್ದಾಣದ ಫಲಕವನ್ನು ಸಂಸ್ಥೆಯವರು ಇಳಿಸಿದರು. ಸುಮೇಧಾ ಕೆಲಸ ಬಿಟ್ಟು ಮತ್ತೆ ಆಸ್ಪತ್ರೆಯ ಲಕ್ವಾ ವಿಭಾಗಕ್ಕೆ ಮರಳಿದರು. ಒಂದು ದಿನ ಹುಲಿಗೆಮ್ಮನ ಮನೆ ಬಾಗಿಲಿಗೂ ಬಂದರು. ಹುಲಿಗೆಮ್ಮ ಅವರನ್ನು ಕೂರಿಸಿ ನೀರು ಕೊಟ್ಟಳು. ಕ್ಷಮಿಸಿದೆನೆಂದು ಮಾತ್ರ ಹೇಳಲಿಲ್ಲ. ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು.

ಸರ್ಕಾರ ಒಂದು ನಿಯಮ ತಂದಿತು. ಕಲಿಸುವ ಯಾವ ಸಾಧನವೇ ಆಗಲಿ, ಅದು ಕಲಿಯುವವನ ಕೈಯನ್ನು ತಿದ್ದಿದಾಗಲೆಲ್ಲ ಹಳದಿ ದೀಪವೊಂದು ಹೊತ್ತಿಕೊಳ್ಳಬೇಕು. ಒಳ್ಳೆಯ ನಿಯಮವೆಂದು ಎಲ್ಲರೂ ಹೊಗಳಿದರು. ದೀಪವಿದ್ದ ಗವಸುಗಳು ಬಂದವು. ಕಲಿಯುವವರು ಒಂದು ವಾರ ಹಾಕಿಕೊಂಡು, ದೀಪ ಇಷ್ಟು ಸಲ ಹೊತ್ತುವುದನ್ನು ನೋಡಿ ಬೇಸತ್ತು, ಅದರ ಮೇಲೆ ಬಟ್ಟೆಯ ಪಟ್ಟಿ ಅಂಟಿಸಿಕೊಂಡರು. ಅಂಟಿಸಿಕೊಳ್ಳಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಹುಲಿಗೆಮ್ಮ ಮರುಪರೀಕ್ಷೆಯಲ್ಲಿ ಎರಡು ಸಲ ಸೋತಳು. ಮೂರನೆಯದಕ್ಕೆ ಇನ್ನೂ ಹೆಸರು ಕೊಟ್ಟಿರಲಿಲ್ಲ. ಆ ನಡುವೆ ಅವಳಿಗೆ ಒಂದು ಪತ್ರ ಬರೆಯಬೇಕಾಗಿತ್ತು. ಯಂಕಮ್ಮನಿಗೆ ಓದು ಬರುತ್ತಿರಲಿಲ್ಲ, ಅವಳ ಮಗಳು ಓದಿ ಹೇಳುತ್ತಾಳೆಂದು ದಾದಿಯಿಂದ ತಿಳಿದಿತ್ತು. ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತು ಹೋದವಳು ಯಾರೆಂದು ಅದರಲ್ಲಿ ಬರೆಯಬೇಕಿತ್ತು. ಒಂದು ಬುಧವಾರ ಹನ್ನೊಂದು ಗಂಟೆಗೆ ಅವಳು ಜಿಲ್ಲಾ ಗ್ರಂಥಾಲಯಕ್ಕೆ ಹೋಗಿ, ಸಾರ್ವಜನಿಕರಿಗಿಟ್ಟ ಯಂತ್ರದ ಮುಂದೆ ಕೂತಳು.

'ನಾನು' ಎಂದು ಒತ್ತಿದಳು. ಅದರ ಮುಂದೆ ಮಸುಕು ಅಕ್ಷರಗಳಲ್ಲಿ 'ಕ್ಷೇಮವಾಗಿದ್ದೇನೆ' ಎಂದು ತಾನಾಗಿಯೇ ಮೂಡಿತು. ಅಳಿಸಿದಳು. 'ತಪ್ಪು' ಎಂದು ಒತ್ತುವಷ್ಟರಲ್ಲಿ 'ತಪ್ಪಾಗಿದ್ದಲ್ಲಿ ದಯವಿಟ್ಟು ಕ್ಷಮಿಸಿ' ಎಂಬ ಇಡೀ ವಾಕ್ಯ ಸಿದ್ಧವಾಗಿ ನಿಂತಿತು. ಚೆಂದದ ವಾಕ್ಯ, ಅಕ್ಷರದೋಷವೂ ಇರಲಿಲ್ಲ. ಹುಲಿಗೆಮ್ಮ ಅದನ್ನು ಎರಡು ಸಲ ಓದಿ, ಎದ್ದು ಹೋಗಿ ಗ್ರಂಥಪಾಲಕನನ್ನು ಕರೆತಂದಳು.

"ಇದು ತಾನ ಬರಕೋತ ಹೊಂಟದರಿ. ಇದನ್ನ ಬಂದ್ ಮಾಡೂದು ಹೆಂಗ್ರಿ?"

ಅವನು ಬಗ್ಗಿ ನೋಡಿದ. ಅಲ್ಲಿ ಇಲ್ಲಿ ಒತ್ತಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಹನ್ನೊಂದು ವರ್ಷ ಆತು ನಾ ಇಲ್ಲಿ ಬಂದು," ಎಂದ. "ಇದನ್ನ ಇಲ್ಲೀತನಕ ಯಾರೂ ಕೇಳಿಲ್ಲ ನೋಡ್ರಿ."

ಅವನು ಇನ್ನೊಂದು ಕುರ್ಚಿ ಎಳೆದುಕೊಂಡು ಕೂತ. ಇಬ್ಬರೂ ಸೇರಿ ಒಂದೊಂದೇ ಪಟ್ಟಿಯನ್ನು ತೆರೆದು ಹುಡುಕತೊಡಗಿದರು. ಅದು ಎಲ್ಲಿದೆಯೆಂದು ಸಿಕ್ಕಾಗ ಹನ್ನೆರಡೂವರೆಯಾಗಿತ್ತು. ಆಮೇಲೆ ಹುಲಿಗೆಮ್ಮ ಒಬ್ಬಳೇ ಕೂತು, ಒಂದೊಂದು ಅಕ್ಷರವನ್ನೂ ಹುಡುಕಿ ಒತ್ತಿ, ಒತ್ತಿದ್ದನ್ನು ತಿರುಗಿ ನೋಡಿ, ಗ್ರಂಥಾಲಯದ ಬಾಗಿಲು ಹಾಕುವ ಹೊತ್ತಿಗೆ ಐದು ಸಾಲು ಬರೆದಿದ್ದಳು.